ಒಂದು ಗೇಣು ಎಳೆಯ ವಿಷಯ

ಗಜೇಂದ್ರಗಡ,
ಮಂಗಳವಾರ, ಮಗ್ಗ ನಿಂತ ಹೊತ್ತು

ಲಕ್ಕಲಕಟ್ಟಿಯ ಮಾಳವ್ವಾಯಿಗೆ,

ಗಜೇಂದ್ರಗಡದ ನೇಕಾರರ ಸಾವಕ್ಕನ ಸೊಸೆ ವಿಜಯಲಕ್ಷ್ಮಿ ಕೈಮುಗಿದು ಬರೆಯುತ್ತಿದ್ದೇನೆ. ಹೆಸರು ಕೇಳಿದ ಕೂಡಲೇ ನೀನು ಮುಖ ಆ ಕಡೆ ತಿರುಗಿಸಿರುತ್ತೀ ಎಂದು ಗೊತ್ತು. ತಿರುಗಿಸಿಕೊಂಡೇ ಕೇಳು, ಅಡ್ಡಿಯಿಲ್ಲ. ರಾಜೇಶ್ವರಿ, ನೀನು ನಿನ್ನ ಆಯಿಗೆ ಓದಿ ಹೇಳುವಾಗ ನಡುವೆ ಹಾರಿಸಬೇಡ ತಾಯಿ. ನನಗೆ ನಾಚಿಕೆಯಾಗುವ ಭಾಗ ಬಂದರೆ ಬೇಕಾದರೆ ಎರಡು ಸಲ ಓದು. ನಿನ್ನನ್ನು 'ನೀನು' ಎಂದೇ ಬರೆಯುತ್ತೇನೆ ಆಯಿ. ನಾನು ಹೊಸ ಸೊಸೆಯಾಗಿ ಬಂದ ವರ್ಷ 'ಬರ್ರಿ, ಕುಂದರ್ರಿ' ಎಂದಾಗ, "ಆ 'ರಿ' ಎಲ್ಲಾ ಸಾವ್ಕಾರ್ರಿಗೆ ಇಟ್ಕೊ, ನನಗ 'ನೀ' ಅನ್ನು ಸಾಕು" ಎಂದವಳು ನೀನೇ.

ಎರಡು ಸಲ ನಿನ್ನ ಊರಿಗೆಂದು ಹೊರಟು ಬಸ್ ಸ್ಟ್ಯಾಂಡಿನ ತನಕ ಬಂದೆ. ಎರಡು ಸಲವೂ ಬಸ್ಸು ಬಂತು, ನಾನು ಹತ್ತಲಿಲ್ಲ. ಮೂರನೆಯ ಸಲ ಹೋಗಿದ್ದರೆ ಕಂಡಕ್ಟರನೇ ಇಳಿದು ಬಂದು ಏನವ್ವಾ ನಿನ್ನ ತ್ರಾಸು ಎಂದು ಕೇಳುತ್ತಿದ್ದನೋ ಏನೋ. ಇವತ್ತು ಬೆಳಗಿನಿಂದ ಲಾಳಿ ಮೂರು ಸಲ ಕೈತಪ್ಪಿ ಬಿತ್ತು. ನಮ್ಮವರು ನೋಡಿ ನೋಡಿ, "ನಿನಗ ಮೈಯಾಗ ಇರುವಿ ಬಿಟ್ಕೊಂಡಂಗ ಆಗೇತಿ, ಎದ್ದು ಅಡ್ಡಾಡಿ ಬಾ" ಎಂದರು. ಗುಡ್ಡದ ಕಡೆ ಅಡ್ಡಾಡಿ ಬಂದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕೂಡ ನನಗಿಂತ ನಿಧಾನವಾಗಿ ತಿರುಗುತ್ತಿದ್ದವು. ಮನೆಗೆ ಬಂದು ಪೆನ್ನು ಹಿಡಿದಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ನಿನ್ನ ನಂಬರು ನನ್ನ ಹತ್ತಿರ ಇಲ್ಲ ಆಯಿ. ಒಂದೇ ಸಲ ಬಂದು ಹೋದ ವ್ಯಾಪಾರಿಯ ಮೂರು ನಂಬರು ಬರೆದುಕೊಂಡಿದ್ದೇನೆ, ಇಪ್ಪತ್ತು ವರ್ಷ ವರ್ಷಕ್ಕೊಮ್ಮೆ ಬಂದ ನಿನ್ನದು ಒಂದೂ ಇಲ್ಲ. ನನ್ನ ಮಗಳು ರೇಷ್ಮಾ ಮತ್ತು ನಿನ್ನ ಮೊಮ್ಮಗಳು ರಾಜೇಶ್ವರಿ ಈಗ ಒಂದೇ ಕಾಲೇಜು, ಕೇಳಿದ್ದರೆ ಸಿಗುತ್ತಿತ್ತು. ಆದರೆ ಫೋನಾದರೆ ನನ್ನ ದನಿ ಕೇಳಿದ ಕೂಡಲೇ ನೀನು ಕಟ್ ಮಾಡಿಬಿಡುತ್ತೀ. ಪತ್ರವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಮೇಲಾಗಿ, ಇಷ್ಟೆಲ್ಲ ಬರೆಯಿಸುತ್ತಿರುವುದೇ ಒಂದು ಫೋನು.

ನಿನಗೆ ನೆನಪಿರಬಹುದು, ನನ್ನ ಕೈಯಲ್ಲಿ ಯಾವಾಗಲೂ ಒಂದು ನೀಲಿ ಫೋನ್ ಇರುತ್ತಿತ್ತು. ಬೆನ್ನ ಮೇಲೆ ನವಿಲಿನ ಗುರುತು. ಕಂಪನಿಯ ಹೆಸರು ನಾಲಿಗೆಗೆ ಹೊರಳದ್ದಕ್ಕೆ ನಾವೆಲ್ಲ ಅದನ್ನು ನವಿಲು ಫೋನ್ ಎನ್ನುತ್ತಿದ್ದೆವು. ನನ್ನ ಸೋದರಮಾವನ ಮಗ ಈರೇಶ ಏಳು ವರ್ಷದ ಹಿಂದೆ ರೋಣದಲ್ಲಿ ಮೊಬೈಲ್ ಅಂಗಡಿ ಹಾಕಿದಾಗ ಮೊದಲು ಮಾರಿದ್ದು ನನಗೇ. ಎಲ್ಲರ ಫೋನಿನ ಒಳಗಿನ ವ್ಯವಸ್ಥೆ ಒಂದಾದರೆ ಇದರದೇ ಬೇರೆ, ಆ ಕಂಪನಿಯವರು ಸ್ವಂತ ಕಟ್ಟಿದ್ದು. ತೆರೆದರೆ ಪರದೆಯ ತುಂಬ ಚೌಕಗಳು. ಬೇಕಾದ ಬಣ್ಣ ಹಾಕಿಕೊಳ್ಳಬಹುದು. ನಾನು ಸಾಸಿವೆ ಹಳದಿ ಹಾಕಿ ನಡುನಡುವೆ ಕೆಂಪು ಇಟ್ಟೆ. ಈರೇಶ ನೋಡಿ, "ಅಕ್ಕಾ, ಫೋನಿಗೂ ಪಟ್ಟೇದ ಅಂಚಿನ ಸೀರಿ ಉಡಿಸಿಬಿಟ್ಯಲ್ಲ!" ಎಂದು ನಕ್ಕಿದ್ದ. ಆ ಮಾತನ್ನು ಸ್ವಲ್ಪ ನೆನಪಿಟ್ಟುಕೋ, ಆಮೇಲೆ ಬೇಕಾಗುತ್ತದೆ.

ಚಲೋ ಫೋನು ಅದು. ನೂಲಿನ ಬಣ್ಣವನ್ನು ಇದ್ದದ್ದು ಇದ್ದ ಹಾಗೆ ತೋರಿಸುತ್ತಿತ್ತು. ಬೆರಳಿನಿಂದ ಪಾಟಿಯ ಮೇಲೆ ಬರೆದ ಹಾಗೆ ಬರೆದರೆ ಕನ್ನಡ ಅಕ್ಷರ ಮೂಡುತ್ತಿತ್ತು. ಎಂಬತ್ತು ದಾಟಿದ ನಮ್ಮ ಮಾವ ಅಂದಪ್ಪನವರು ಕೂಡ ಅದರ ಮೇಲೆ ತಮ್ಮ ಹೆಸರು ಬರೆದು, ಅದು ಸರಿಯಾಗಿ ಬಂದದ್ದನ್ನು ನೋಡಿ ಒಂದು ದಿನವಿಡೀ ಖುಷಿಯಾಗಿದ್ದರು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ಹನ್ನೊಂದು ಮಂದಿ ಸೇರಿ ಒಂದು ಬಳಗವನ್ನೇ ಮಾಡಿಕೊಂಡಿದ್ದೆವು. ಚಿಕ್ಕನರಗುಂದದ ಶಾಲೆಯ ಟೀಚರು ಗೌತಮಿ ನಮ್ಮ ಮುಂದಾಳು. ಅಬ್ಬಿಗೇರಿಯ ರೈತ ಗವಿಸಿದ್ದಪ್ಪನ ಫೋನು ಒಮ್ಮೆ ಹೊಲದ ಎರೆ ಕೆಸರಿನಲ್ಲಿ ಹೂತು ಮೂರನೆಯ ದಿನ ಸಿಕ್ಕಿತ್ತು. ತೊಳೆದು ಒಣಗಿಸಿದ ಮೇಲೆ ಮಾತಾಡಿತು. ಅಂದಿನಿಂದ ಬೇರೆ ಫೋನು ಹಿಡಿದವರನ್ನು ಕಂಡರೆ ನಮಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಆಮೇಲೆ ಕಂಪನಿಯವರು ಹಿಂದೆ ಸರಿಯತೊಡಗಿದರು. ಮೊದಲು, ಹೊಸ ಫೋನು ಸದ್ಯಕ್ಕಿಲ್ಲ ಎಂದರು. ಸದ್ಯಕ್ಕೆ ಎಂಬ ಒಂದು ಮಾತನ್ನೇ ಹಿಡಿದು ನಾವು ಎರಡು ವರ್ಷ ಕಾದೆವು. ಬ್ಯಾಂಕಿನ ಆ್ಯಪ್ ಹೋಯಿತು, ಗ್ಯಾಸಿನದು ಹೋಯಿತು, ಊಟ ಮುಗಿದ ಮೇಲೆ ಮದುವೆಮನೆಯಲ್ಲಿ ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೊರಟ ಹಾಗೆ. ರೇಷ್ಮಾ, "ಅವ್ವಾ, ನಿನ್ನ ನವಿಲಿನ ಗರಿ ಉದುರಾಕತ್ತಾವು" ಎಂದು ಕಾಡಿದಳು. ಬೈದೆ. ಬೇರೆ ಫೋನು ತಂದುಕೊಟ್ಟರು ನಮ್ಮವರು, ಅದನ್ನು ಡಬ್ಬಿಯಲ್ಲೇ ಇಟ್ಟೆ. ಕಳೆದ ತಿಂಗಳು ಪರದೆಯ ಮೇಲೆ ಕಡೆಯ ಸುದ್ದಿ ಬಂತು. ವರ್ಷದ ಕೊನೆಯ ದಿನಕ್ಕೆ ಈ ವ್ಯವಸ್ಥೆ ಪೂರ್ತಿ ಬಂದ್. ಸಂದೇಶ ಹೋಗುವುದಿಲ್ಲ, ಬರುವುದಿಲ್ಲ. ಇಟ್ಟುಕೊಂಡ ಚಿತ್ರಗಳನ್ನು ಬೇರೆ ಕಡೆ ಸಾಗಿಸಿಕೊಳ್ಳುವುದು ನಿಮ್ಮ ಹೊಣೆ.

ಸಿಟ್ಟು ಬಂತು ಆಯಿ. ಒಂದು ಫೋನು ಹೋದರೆ ಇನ್ನೊಂದು ಬರುತ್ತದೆ, ಅದಕ್ಕಲ್ಲ. ನಾವು ಅವರನ್ನು ಊರ ತುಂಬ ಹೊಗಳಿಕೊಂಡು ತಿರುಗಿದವರು. ಬೇರೆಯವರು ನಕ್ಕಾಗ ಅವರ ಪರವಾಗಿ ಜಗಳಾಡಿದವರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಹಾಗೆ ನಮ್ಮನ್ನು ಬಿಟ್ಟರು. ಗೌತಮಿ ಟೀಚರು ಹನ್ನೊಂದು ಮಂದಿಯ ಹೆಸರು ಹಾಕಿ ಕಂಪನಿಗೆ ಒಂದು ಪತ್ರ ಬರೆದರು. ಒಂದೇ ನಿಮಿಷಕ್ಕೆ ಉತ್ತರ ಬಂತು. ಅಷ್ಟು ಲಗೂನೆ ಬಂದಾಗಲೇ ಯಾರೂ ಓದಿಲ್ಲ ಎಂದು ತಿಳಿಯಬೇಕಿತ್ತು. ನಿಮ್ಮ ಪ್ರಯಾಣದಲ್ಲಿ ನಮ್ಮೊಂದಿಗೆ ಇದ್ದುದಕ್ಕೆ ಧನ್ಯವಾದ, ನಮ್ಮ ಹೊಸ ಫೋನು ಇನ್ನೂ ಉತ್ತಮವಾಗಿದೆ, ದಯವಿಟ್ಟು ಅದಕ್ಕೆ ಬದಲಾಗಿ, ಎಂದಿತ್ತು. ಎಲ್ಲಿಯ ಪ್ರಯಾಣ? ಆ ಫೋನು ಹಿಡಿದು ನಾನು ರೋಣ ದಾಟಿ ಹೋದವಳಲ್ಲ.

ಹೋದ ಭಾನುವಾರ ನಾವೆಲ್ಲ ಈರೇಶನ ಅಂಗಡಿಯಲ್ಲಿ ಸೇರಿದ್ದೆವು. ಅವನು ನವಿಲಿನ ಬೋರ್ಡು ಇಳಿಸಿ ಗೋಡೆಗೆ ಮುಖ ಮಾಡಿ ಆನಿಸಿದ್ದ. ನಮ್ಮ ಮುಖ ನೋಡಲಾರದೆ ಚಹಾದ ಮೇಲೆ ಚಹಾ ತರಿಸುತ್ತಿದ್ದ. "ನಾ ಏನ್ ಮಾಡ್ಲಿ ಅಕ್ಕಾ, ಇವರು ಕೈ ಬಿಡೂದಿಲ್ಲ ಅಂತ ನಿಮಗೆಲ್ಲಾ ನಾನಽ ಆಣಿ ಮಾಡಿ ಹೇಳಿದ್ದೆ" ಎಂದ. ಗವಿಸಿದ್ದಪ್ಪ ಕಂಪನಿಯ ಉತ್ತರವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದ. ಹೊಸದು ಇನ್ನೂ ಉತ್ತಮ ಎಂಬಲ್ಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹೇಳಿದೆ: "ಹೊಸಾದು ಚಲೋ ಇರಬೌದು. ನಾ ಕೇಳಿದ್ದು ಅದನ್ನಲ್ಲ."

ಎಲ್ಲರೂ ಹೌದು ಹೌದು ಎಂದರು. ಗೌತಮಿ ಟೀಚರಂತೂ, ಇದನ್ನೇ ನಾನು ಪತ್ರದಲ್ಲಿ ಬರೆಯಬೇಕಿತ್ತು, ಎಷ್ಟು ಸರಿಯಾದ ಮಾತು, ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಆ ಮಾತು ನನ್ನದಲ್ಲ ಆಯಿ. ಅದು ನಿನ್ನದು. ಚಹಾದ ಲೋಟ ಅಲ್ಲೇ ಇಟ್ಟು ಗಜೇಂದ್ರಗಡದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಕೂರಲು ಮನಸ್ಸಾಗಲಿಲ್ಲ, ನಿಂತೇ ಬಂದೆ.

ನಾಲ್ಕು ವರ್ಷದ ಹಿಂದೆ, ಎಳ್ಳಮವಾಸ್ಯೆಗೆ ಎಂಟು ದಿನ ಇರುವಾಗ, ಎಂದಿನಂತೆ ನೀನು ಹಸಿ ಕಡಲೆ ಗಿಡದ ಒಂದು ಕಟ್ಟು ಹಿಡಿದು ನಮ್ಮ ಬಾಗಿಲಿಗೆ ಬಂದೆ. ಹೊಲದಲ್ಲಿ ಭೂಮಿತಾಯಿಗೆ ಅಡಿಗೆಯ ಚರಗ ಚೆಲ್ಲುವ ದಿನ ನಿನಗೆ ಹೊಸ ಪಟ್ಟೇದ ಅಂಚು ಬೇಕು. ನಮ್ಮ ಅತ್ತೆ ನೇಯ್ದದ್ದೇ ಬೇಕು. ಒಳಗೂ ಹೊರಗೂ ಒಂದೇ ತರಹದ ಸೀರೆ, "ಒಂದಿನ ಈ ಮಗ್ಗಲ, ಒಂದಿನ ಆ ಮಗ್ಗಲ, ಬಿತ್ತೂ ಮುಂದ ಉಡಿ ತುಂಬ ಕಾಳ ಕಟ್ಟಿದ್ರೂ ಪಿಸಿಯೂದಿಲ್ಲ, ಹರಿಯೂದಿಲ್ಲ" ಎನ್ನುತ್ತಿದ್ದೆ. ಊರಲ್ಲಿ ಪಟ್ಟೇದ ಅಂಚು ನೇಯುವವರು ಬೇರೆಯವರೂ ಇದ್ದರು. ಆದರೆ ಅತ್ತೆಯ ಚೌಕಡಿಯ ಲೆಕ್ಕವೇ ಬೇರೆ, ಇಷ್ಟು ಹಳದಿ ಎಳೆಗೆ ಇಷ್ಟು ಕೆಂಪು ಎಂಬುದು ಅವರ ತಲೆಯಲ್ಲೇ ಇರುತ್ತಿತ್ತು. ಒಮ್ಮೆ ಬೇರೆ ಮನೆಯ ಸೀರೆ ಉಟ್ಟು ನೋಡಿದ್ದೆಯಂತೆ. "ಮಂದಿ ಮನ್ಯಾಗ ಮಲಗಿದಂಗ ಆತು" ಎಂದಿದ್ದೆ. ಅತ್ತೆ ಆ ಮಾತನ್ನು ಸಾಯುವ ತನಕ ಬಂದವರಿಗೆಲ್ಲ ಹೇಳುತ್ತಿದ್ದರು.

ಅತ್ತೆ ತೀರಿಕೊಂಡು ಆಗ ಒಂದು ವರ್ಷ. ನಾನು ಮಗ್ಗಕ್ಕೆ ಹೊಳೆಯುವ ಹೊಸ ಸೀರೆಯ ಹಾಸು ಏರಿಸಿದ್ದೆ. ವ್ಯಾಪಾರಿಗಳು ಕೇಳುತ್ತಿದ್ದದ್ದು ಅದನ್ನೇ. ನೀನು ಬಂದಾಗ ನಾನು ಆ ನವಿಲು ಫೋನಿನಲ್ಲಿ ಅದರ ಚಿತ್ರ ತೆಗೆಯುತ್ತಿದ್ದೆ. ಮುಖ ಎತ್ತದೆಯೇ ಹೇಳಿದೆ: "ಅದು ಬಂದ್ ಆಗೇತಿ ಆಯಿ. ಈಗ ಹೊಸಾದು ಬಂದೈತಿ, ಅದಕ್ಕಿಂತ ಭಾಳ ಚಲೋ ಐತಿ, ಇದನ್ನಽ ತಗೊ." ನೀನು ಆ ಹೊಳೆಯುವ ಸೀರೆಯ ಮೇಲೆ ಒಮ್ಮೆ ಕೈಯಾಡಿಸಿದೆ. "ಹೊಸಾದು ಚಲೋ ಇರಬೌದು ತಂಗಿ. ನಾ ಕೇಳಿದ್ದು ಅದನ್ನಲ್ಲ" ಎಂದೆ. ಕಡಲೆ ಗಿಡದ ಕಟ್ಟನ್ನು ಹೊಸ್ತಿಲ ಮೇಲಿಟ್ಟು ಹೋದೆ. ಮತ್ತೆ ಬರಲಿಲ್ಲ. ಆ ಕಡಲೆಯನ್ನು ನಾವೆಲ್ಲ ಸುಲಿದು ತಿಂದೆವು ಎಂದು ಬರೆಯುವಾಗ ಈಗಲೂ ಬೆರಳು ಹಿಂಜರಿಯುತ್ತದೆ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿತ್ತಂತೆ. ಹನ್ನೊಂದು ಮಂದಿ ಕೂಡಿ ಕಂಪನಿಗೆ ಶಾಪ ಹಾಕುವಾಗ ಆ ಹನ್ನೊಂದರಲ್ಲಿ ಒಬ್ಬಳು ತಾನೇ ಕಂಪನಿಯಾಗಿದ್ದಳು.

ಇಷ್ಟೇ ಆಗಿದ್ದರೆ ಬಸ್ಸು ಹತ್ತಿ ಬಂದು ಕಾಲು ಹಿಡಿಯುತ್ತಿದ್ದೆ. ಇನ್ನೊಂದಿದೆ, ಅದು ನಿನಗೆ ಗೊತ್ತಿಲ್ಲ. ನಾವು ಒಂದು ಹಾಸು, ಅಂದರೆ ಮಗ್ಗಕ್ಕೆ ಏರಿಸಿದ ಉದ್ದೆಳೆಗಳನ್ನು, ನೇಯ್ದು ಮುಗಿಸಿದರೆ ಕೊನೆಯ ಎಳೆಗಳನ್ನು ಪೂರ್ತಿ ಕತ್ತರಿಸುವುದಿಲ್ಲ. ಎಳೆಗಳನ್ನು ಸಾಲಾಗಿ ಹಿಡಿಯುವ ಹಣಿಗೆಯಲ್ಲಿ ಒಂದು ಗೇಣು ತುದಿ ಬಿಟ್ಟಿರುತ್ತೇವೆ. ಮುಂದಿನ ಹಾಸಿನ ಎಳೆಗಳನ್ನು ಆ ತುದಿಗಳಿಗೆ ಒಂದೊಂದಾಗಿ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೆಯ ತುದಿ ಇದ್ದರೆ ಲೆಕ್ಕ ತಾನಾಗಿ ಮುಂದುವರಿಯುತ್ತದೆ, ಹಳದಿಗೆ ಹಳದಿ, ಕೆಂಪಿಗೆ ಕೆಂಪು. ಅತ್ತೆಯ ಕೊನೆಯ ಪಟ್ಟೇದ ಅಂಚಿನ ಹಣಿಗೆಯನ್ನು ಮಾವ ಹಾಗೇ ಎಳೆ ಸಮೇತ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ನೀನು ಬಂದುಹೋದ ಆ ವಾರದಲ್ಲೇ ನಾನು ಅಟ್ಟ ಸ್ವಚ್ಛ ಮಾಡಿದೆ. ಆ ಎಳೆಗಳನ್ನು ಕತ್ತರಿಸಿ ತೆಗೆದೆ. ಹುರಿ ಮಾಡಿ, ಫೋನಿನ ಚಾರ್ಜರಿನ ವೈರನ್ನು ಮಗ್ಗದ ಕಂಬಕ್ಕೆ ಕಟ್ಟಿದೆ. ನೋಡು, ಎಂಥ ಜಾಣೆ ನಿನ್ನ ಸಾವಕ್ಕನ ಸೊಸೆ!

ಮಾವ ಅದನ್ನು ಕಂಡವರು ಬೈಯಲಿಲ್ಲ. "ನಿಂದ್ರಸೂದು ಬ್ಯಾರೆ ವಿಜವ್ವ, ಕಡಿಯೂದು ಬ್ಯಾರೆ" ಎಂದಷ್ಟೇ ಹೇಳಿ ಒಂದು ವಾರ ನನ್ನೊಂದಿಗೆ ಮಾತು ಬಿಟ್ಟರು. ಮುದುಕರಿಗೆ ಎಲ್ಲ ವಸ್ತುವಿನ ಮೇಲೂ ಜೀವ ಎಂದುಕೊಂಡೆ. ಅವರ ಮಾತು ನನಗೆ ತಿಳಿಯಲು ನಾಲ್ಕು ವರ್ಷ ಹಿಡಿಯಿತು, ಅದೂ ಬೇರೆಯವರು ನನ್ನ ತುದಿ ಕಡಿದ ಮೇಲೆ. ಆ ಕಂಪನಿಯವರು ನಿಲ್ಲಿಸಿದ್ದಕ್ಕೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ಯಾರ ಮಗ್ಗವಾದರೂ ಒಂದು ದಿನ ನಿಲ್ಲುತ್ತದೆ. ಒಂದು ಗೇಣು ಬಿಡಬಹುದಿತ್ತಲ್ಲ ಎಂಬುದೇ ನೋವು.

ಭಾನುವಾರ ಬಸ್ಸಿಳಿದು ಬಂದವಳು ಸೀದಾ ಕಂಬಕ್ಕೆ ಕಟ್ಟಿದ ಆ ಹುರಿಯನ್ನು ಬಿಚ್ಚಿದೆ. ಹಳದಿ ಸಿಕ್ಕಿತು, ಕೆಂಪು ಸಿಕ್ಕಿತು, ಅಂಚಿನ ಕಪ್ಪೂ ಸಿಕ್ಕಿತು. ಬಣ್ಣ ಸಿಕ್ಕಿತು ಆಯಿ, ಲೆಕ್ಕ ಸಿಗಲಿಲ್ಲ. ಯಾವ ಎಳೆಯ ಪಕ್ಕ ಯಾವ ಎಳೆ ಇತ್ತು ಎಂದು ಹುರಿ ಹೇಳುವುದಿಲ್ಲ. ಮಾವನನ್ನು ಕೇಳಿದೆ. "ಲೆಕ್ಕ ಆಕೀದು. ನಂದು ಬರೇ ಕೈಕಾಲು" ಎಂದರು. ಫೋನಿನಲ್ಲಿ ಹುಡುಕಿದೆ. ಏಳು ವರ್ಷದ ಸಾವಿರಾರು ಚಿತ್ರ, ಎಲ್ಲ ವ್ಯಾಪಾರಿಗಳಿಗೆ ಕಳಿಸಿದ ಹೊಳೆಯುವ ಸೀರೆಗಳು. ಅತ್ತೆ ಬದುಕಿದ್ದಾಗ ದಿನಾ ಕಣ್ಣ ಮುಂದೆ ಇರುತ್ತಿದ್ದ ಪಟ್ಟೇದ ಅಂಚಿನದು ಒಂದೂ ಇಲ್ಲ. ಮನೆಯಲ್ಲಿ ಉಳಿದಿದ್ದ ಒಂದೇ ಸೀರೆಯನ್ನು ಅತ್ತೆಗೆ ಉಡಿಸಿ ಕಳಿಸಿದ್ದೆವು. ಎರಡು ದಿನದಿಂದ ಕಾಗದದ ಮೇಲೆ ಚೌಕ ಬರೆದು ಬರೆದು ಹರಿಯುತ್ತಿದ್ದೇನೆ. ಒಂದು ಸಲ ಸರಿಯೆನ್ನಿಸುತ್ತದೆ, ಎದ್ದು ನೀರು ಕುಡಿದು ಬಂದು ನೋಡಿದರೆ ಮಂದಿ ಮನೆಯ ಸೀರೆಯಂತೆ ಕಾಣುತ್ತದೆ.

ನಿನ್ನೆ ರೇಷ್ಮಾ ಕಾಲೇಜಿನಿಂದ ಬಂದು ಏನೋ ಮಾತಿಗೆ ಹೇಳಿದಳು: "ಅವ್ವಾ, ರಾಜೇಶ್ವರಿಯ ಆಯಿ ಇನ್ನೂ ಅದಽ ಹಳೇ ಸೀರಿ ಉಡತಾಳಂತ. ತ್ಯಾಪಿ ಮ್ಯಾಲ ತ್ಯಾಪಿ ಹಚ್ಚಿ. ಹೊಸಾದು ಕೊಡಸ್ತೀವಂದ್ರ ಒಲ್ಲೆ ಅಂತಾಳಂತ." ಅವಳು ನಗುತ್ತಾ ಹೇಳಿದಳು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅಂದರೆ ನಮ್ಮ ಅತ್ತೆಯ ಲೆಕ್ಕ ಈ ಲೋಕದಲ್ಲಿ ಈಗ ನಿನ್ನ ಮೈಮೇಲೆ ಮಾತ್ರ ಇದೆ. ನನ್ನ ಬೇಡಿಕೆ ಇಷ್ಟೇ ಆಯಿ. ಅದನ್ನು ನನಗೆ ಒಂದು ದಿನದ ಮಟ್ಟಿಗೆ ಕೊಡು. ಉಡುವ ಸೀರೆ ಕೊಡಲು ಮನಸ್ಸಿಲ್ಲದಿದ್ದರೆ ಹರಿದದ್ದು ಕೊಡು. ಹರಿದದ್ದನ್ನು ಹೊದೆಯುವ ಕೌದಿಗೆ ಹೊಲಿದುಬಿಟ್ಟಿದ್ದರೆ ಕೌದಿಯನ್ನೇ ಕೊಡು, ಒಂದು ಹೊಲಿಗೆಯೂ ಬಿಚ್ಚದೆ ಎಣಿಸಿಕೊಂಡು ವಾಪಸು ಕಳಿಸುತ್ತೇನೆ. ರಾಜೇಶ್ವರಿಯ ಕೈಯಲ್ಲಿ ಕೊಟ್ಟರೆ ರೇಷ್ಮಾಳಿಂದ ನನಗೆ ಮುಟ್ಟುತ್ತದೆ. ಯುಗಾದಿಯ ಹೊತ್ತಿಗೆ ನಿನ್ನ ಸೀರೆ ಮಗ್ಗದಿಂದ ಇಳಿಯುತ್ತದೆ. ಇಳಿದ ಮೇಲೆ ಹಣಿಗೆಯಲ್ಲಿ ಎಳೆ ಹಾಗೇ ಇರುತ್ತದೆ, ನಾನು ಸತ್ತ ಮೇಲೂ ರೇಷ್ಮಾಳೋ, ಇನ್ನಾರೋ ಕೆಚ್ಚಿಕೊಳ್ಳಲಿ. ಈ ಮಾತನ್ನು ಮಾವನ ಮುಂದೆ ಹೇಳಿಯೇ ಬರೆಯುತ್ತಿದ್ದೇನೆ. ಅವರು ಕೇಳಿಸದವರಂತೆ ಕೂತಿದ್ದಾರೆ, ಆದರೆ ಬೆಳಗಿನಿಂದ ಖಾಲಿ ಹಣಿಗೆಯ ಧೂಳು ಒರೆಸುತ್ತಿರುವವರು ಅವರೇ.

ಏನೂ ಕಳಿಸಲು ಮನಸ್ಸಾಗದಿದ್ದರೆ ಬೇಡ. ಆ ಕಂಪನಿಯವರ ಹಾಗೆ ಧನ್ಯವಾದದ ಉತ್ತರವನ್ನಂತೂ ಕಳಿಸಬೇಡ, ಅದರ ರುಚಿ ನೋಡಿಯಾಗಿದೆ. ಎಳ್ಳಮವಾಸ್ಯೆಯ ದಿನ ನಾನೇ ನಿನ್ನ ಹೊಲಕ್ಕೆ ಬರುತ್ತೇನೆ. ಈ ಸಲ ಬಸ್ಸು ಬಿಡುವುದಿಲ್ಲ. ಬದುವಿನ ಮೇಲೆ ಕೂತಿರುತ್ತೇನೆ. ನೀನು ಚರಗ ಚೆಲ್ಲು, ನಿನ್ನವರಿಗೆ ಬಡಿಸು, ಉಣ್ಣು. ನನ್ನನ್ನು ಕರೆಯಬೇಡ, ಮಾತಾಡಿಸಬೇಡ, ಮುಖವನ್ನು ಆ ಕಡೆಯೇ ತಿರುಗಿಸಿಕೊಂಡು ಕೂತುಕೋ. ಸೆರಗಿನ ತುದಿ ಮಾತ್ರ ಒಂದು ಗೇಣು ಈ ಕಡೆ ಬಿಟ್ಟಿರು ಆಯಿ. ನಾನು ಎಣಿಸಿಕೊಂಡು ಹೋಗುತ್ತೇನೆ.

ನಿನ್ನ ಹೊಲದ ಕಡಲೆ ಕಾಯಿ ತುಂಬಿ ನಿಲ್ಲಲಿ, ನಿನ್ನ ಉಡಿ ಎಂದೂ ಬರಿದಾಗದಿರಲಿ. ನನ್ನ ತಲೆಯ ಮೇಲೆ ಕೈ ಇಡುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ತುದಿ ಕಡಿದವಳು, ಈಗ ಕೆಚ್ಚಲು ಕಾದು ಕೂತವಳು,
ನಿನ್ನ ಸಾವಕ್ಕನ ಸೊಸೆ
ವಿಜಯಲಕ್ಷ್ಮಿ